ಅಂಚೆ ಕಾರ್ಡಿನಲ್ಲಿ ಬ್ರಹ್ಮಾಂಡ

ಹಸ್ತಾಕ್ಷರಕ್ಕಾಗಿ ಮುತ್ತಿಕೊಳ್ಳುವ ಮಕ್ಕಳಿಗೆ ಜಯಂತ ನಾರ್ಳೀಕರ್ ಒಂದು ಷರತ್ತು ಹಾಕುತ್ತಿದ್ದರು: ಅಂಚೆ ಕಾರ್ಡಿನಲ್ಲಿ ವಿಜ್ಞಾನದ ಪ್ರಶ್ನೆಯೊಂದನ್ನು ಬರೆದು ಕಳಿಸಬೇಕು. ಸಹಿ ಉತ್ತರದ ಜೊತೆಗೇ ಬರುತ್ತಿತ್ತು.

ಆ ಕಾರ್ಡುಗಳಿಗೆ ಉತ್ತರಿಸುತ್ತಿದ್ದವರು 1938ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ, ಬನಾರಸಿನಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾಗಿದ್ದ ವಿಶ್ವವಿಜ್ಞಾನಿ. 1964ರಲ್ಲಿ ಗುರುಶಿಷ್ಯರು ಗುರುತ್ವದ ಹೊಸ ಸಿದ್ಧಾಂತ ಮಂಡಿಸಿದರು. ಒಂದು ಕಣದ ದ್ರವ್ಯರಾಶಿ ವಿಶ್ವದ ಉಳಿದೆಲ್ಲ ಕಣಗಳ ಪ್ರಭಾವದಿಂದ ಒದಗುತ್ತದೆ ಎಂಬುದು ಅದರ ತಿರುಳು. ಮರುವರ್ಷವೇ ಸೂಕ್ಷ್ಮತರಂಗದ ಹಿನ್ನೆಲೆ ವಿಕಿರಣ ಪತ್ತೆಯಾಗಿ, ವಿಜ್ಞಾನಿಗಳ ಒಲವು ವಿಶ್ವ ಮಹಾಸ್ಫೋಟದಿಂದ ಶುರುವಾಯಿತೆಂಬ ಸಿದ್ಧಾಂತದತ್ತ ವಾಲಿತು. ನಾರ್ಳೀಕರ್ ಮಾತ್ರ ಅದಕ್ಕೆ ಪರ್ಯಾಯಗಳ ಹುಡುಕಾಟ ಬಿಡಲಿಲ್ಲ. ಬಹುಮತದ ಎದುರು ದಶಕಗಳ ಕಾಲ ಲೆಕ್ಕ, ತರ್ಕಗಳನ್ನೇ ನೆಚ್ಚಿ ನಿಂತ ಆ ಸಂಯಮ ದೊಡ್ಡದು.

1972ರಲ್ಲಿ ಅವರು ಭಾರತಕ್ಕೆ ಮರಳಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. 1988ರಲ್ಲಿ ಪುಣೆಯಲ್ಲಿ ಶುರುವಾದ ಅಂತರ ವಿಶ್ವವಿದ್ಯಾಲಯ ಖಗೋಳ ಕೇಂದ್ರ ‘ಅಯುಕಾ’ದ ಸ್ಥಾಪಕ ನಿರ್ದೇಶಕರಾದರು. ಸೌಲಭ್ಯಗಳಿಲ್ಲದ ವಿಶ್ವವಿದ್ಯಾಲಯಗಳ ಅಧ್ಯಾಪಕರೂ ಅಲ್ಲಿಗೆ ಬಂದು ಖಗೋಳ ಸಂಶೋಧನೆ ನಡೆಸಬಹುದಿತ್ತು.

ಚಾರ್ಲ್ಸ್ ಕೊರಿಯಾ ರೂಪಿಸಿದ ಆ ಆವರಣದ ಅಂಗಳದಲ್ಲಿ ಆರ್ಯಭಟ, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೈನ್ ಪ್ರತಿಮೆಗಳಾಗಿ ನಿಂತಿದ್ದಾರೆ. ಶಾಲಾಮಕ್ಕಳಿಗಾಗಿ ಎರಡನೇ ಶನಿವಾರದ ಉಪನ್ಯಾಸಗಳೂ ಅಲ್ಲೇ ನಡೆದವು.

ಜ್ಯೋತಿಷ್ಯವನ್ನೂ ಅವರು ಬೈದು ಬಿಡಲಿಲ್ಲ, ಪರೀಕ್ಷೆಗೊಡ್ಡಿದರು. ಜಾತಕ ನೋಡಿ ಪ್ರತಿಭಾವಂತ ಮಕ್ಕಳನ್ನೂ ಬುದ್ಧಿಮಾಂದ್ಯ ಮಕ್ಕಳನ್ನೂ ಬೇರ್ಪಡಿಸುವಂತೆ ಜ್ಯೋತಿಷಿಗಳನ್ನು ಕೇಳಿದರು. ಫಲಿತಾಂಶ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಮೇಲೇರಲಿಲ್ಲ.

2025ರ ಮೇ 20ರಂದು ಅವರು ಪುಣೆಯಲ್ಲಿ ತೀರಿಕೊಂಡರು. ಅವರ ಸಹಿಯಿದ್ದ ಕಾರ್ಡುಗಳು ಅಷ್ಟರಲ್ಲಿ ಎಷ್ಟೋ ಮನೆಗಳನ್ನು ಸೇರಿದ್ದವು.