ಅರವತ್ತು ಮಂದಿಗೆ ಒಬ್ಬ ಗೆಳೆಯ

ಅಮೆರಿಕದ ಓರೆಗಾನ್ ರಾಜ್ಯದ ಯೂಜೀನ್ ಮಹಾನಗರವೇನಲ್ಲ, ವಿಶ್ವವಿದ್ಯಾಲಯವಿರುವ ಮಧ್ಯಮ ಗಾತ್ರದ ಊರು. 1990ರ ದಶಕದ ಮೊದಲ ವರ್ಷಗಳಲ್ಲಿ, ಏಡ್ಸ್‌ಗೆ ಗಟ್ಟಿಯಾದ ಔಷಧಿ ಇನ್ನೂ ಬಂದಿರದ ಕಾಲದಲ್ಲಿ, ಸೂಸನ್ ಕೆಗಲ್ಸ್, ರಾಬರ್ಟ್ ಹೇಸ್, ಥಾಮಸ್ ಕೋಟ್ಸ್ ಎಂಬ ಸಂಶೋಧಕರು ಅಲ್ಲಿ ‘ಎಂಪವರ್‌ಮೆಂಟ್’ ಯೋಜನೆಯನ್ನು ನಡೆಸಿದರು. 18ರಿಂದ 29ರ ವಯಸ್ಸಿನ ಸಲಿಂಗಕಾಮಿ ಮತ್ತು ದ್ವಿಲಿಂಗಕಾಮಿ ಹುಡುಗರನ್ನು ಸುರಕ್ಷಿತ ಲೈಂಗಿಕತೆಯ ಕಡೆಗೆ ತರುವುದು ಅದರ ಗುರಿ. ಈ ಬಗೆಯ ಕೆಲಸಗಳಲ್ಲಿ ನನಗೆ ಇವತ್ತಿಗೂ ಅತ್ಯಂತ ವಿವೇಕದ್ದು ಅನ್ನಿಸುವುದು ಅದೇ. ಕಾರಣ ಸರಳ. ಇಪ್ಪತ್ತರ ಹುಡುಗನ ಮನಸ್ಸಿನಲ್ಲಿ ಎಚ್‌ಐವಿ ಮೊದಲ ಚಿಂತೆಯಲ್ಲ ಎಂಬುದನ್ನು ಅವರು ಒಪ್ಪಿಕೊಂಡರು. ಅವನಿಗೆ ಬೇಕಿರುವುದು ಗೆಳೆಯರು, ಪ್ರೀತಿಸುವ ಒಬ್ಬ, ಹೆದರದೆ ನಗಬಹುದಾದ ಒಂದು ಜಾಗ. ರೋಗದ ಹೆಸರು ಹೇಳಿ ಕರೆದರೆ ಅವನು ಬರುವುದಿಲ್ಲ.

ಹಾಗಾಗಿ ಅಲ್ಲಿ ನಡೆದದ್ದು ಪಿಕ್ನಿಕ್, ಡ್ಯಾನ್ಸ್, ಒಟ್ಟಿಗೆ ಕೂತು ಸಿನಿಮಾ ನೋಡುವುದು. ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬುದನ್ನು ನಿರ್ಧರಿಸುತ್ತಿದ್ದವರು ಆ ಊರಿನದೇ ಹುಡುಗರ ಒಂದು ಚಿಕ್ಕ ಗುಂಪು. ಯೋಜನೆಯ ತಿರುಳು ಇದ್ದದ್ದು ‘ಎಂ ಗ್ರೂಪ್’ ಎಂಬ ಚಿಕ್ಕ ಕೂಟಗಳಲ್ಲಿ. ಎಂಟು ಹತ್ತು ಮಂದಿ ಒಂದೇ ಒಂದು ಸಲ, ಸುಮಾರು ಮೂರು ಗಂಟೆ ಕೂರುತ್ತಿದ್ದರು. ಕಾಂಡೋಮ್ ಹೇಗೆ ಹಾಕಬೇಕು ಎಂಬುದಷ್ಟೇ ಅಲ್ಲ, ಬೇಡ ಎನ್ನುವ ಸಂಗಾತಿಗೆ ಹೇಗೆ ಹೇಳಬೇಕು, ಸುಖ ಕೆಡದ ಹಾಗೆ ಆ ಮಾತನ್ನು ಎಲ್ಲಿ ತರಬೇಕು ಎಂಬುದನ್ನು ಅಲ್ಲೇ ಆಡಿ ತೋರಿಸಿ ಅಭ್ಯಾಸ ಮಾಡುತ್ತಿದ್ದರು. ಎದ್ದು ಹೋಗುವಾಗ ಪ್ರತಿಯೊಬ್ಬನೂ ತನ್ನ ಗೆಳೆಯರೊಂದಿಗೆ ಇದನ್ನು ಮಾತಾಡುತ್ತೇನೆ ಎಂದು ಒಪ್ಪಿಕೊಂಡು ಹೋಗುತ್ತಿದ್ದ. ಉಪದೇಶಕರು ಅಲ್ಲಿ ಯಾರೂ ಇರಲಿಲ್ಲ.

1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಕಾಂಡೋಮ್ ಇಲ್ಲದೆ ಗುದಸಂಭೋಗ ಮಾಡಿದವರ ಪ್ರಮಾಣ ಶೇ. 41ರಿಂದ 30ಕ್ಕೆ ಇಳಿಯಿತು. ಇದಕ್ಕಿಂತ ಮುಖ್ಯವಾದ ಅಂಕಿ ಅದರೊಳಗಿದೆ. ಅಪರೂಪಕ್ಕೆ ಸಿಗುವ ಸಂಗಾತಿಗಳ ಜೊತೆ ಈ ಪ್ರಮಾಣ ಶೇ. 20.2ರಿಂದ 11.1ಕ್ಕೆ ಇಳಿದರೆ, ಪ್ರೀತಿಯ ಗೆಳೆಯನ ಜೊತೆ ಶೇ. 58.9ರಿಂದ 44.7ಕ್ಕೆ ಮಾತ್ರ ಇಳಿಯಿತು. ಅಂದರೆ ಎಲ್ಲ ಆದಮೇಲೂ ಗೆಳೆಯನಿದ್ದವರಲ್ಲಿ ನೂರಕ್ಕೆ ಸುಮಾರು ನಲವತ್ತೈದು ಮಂದಿ ತಾವು ನಂಬಿದವನ ಜೊತೆ ಕಾಂಡೋಮ್ ಬಳಸಲಿಲ್ಲ. ಅಪರಿಚಿತನ ಬಗ್ಗೆ ನಮಗಿರುವ ಎಚ್ಚರ ಪ್ರೀತಿಸಿದವನ ಮುಂದೆ ಕರಗಿಬಿಡುತ್ತದೆ. ‘ಕಾಂಡೋಮ್ ಹಾಕೋಣ’ ಎಂದರೆ ‘ನನ್ನ ಮೇಲೆ ನಂಬಿಕೆ ಇಲ್ಲವಾ?’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಭಿತ್ತಿಪತ್ರದಲ್ಲಿ ಉತ್ತರವಿಲ್ಲ. ಇಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿಕೊಂಡು ಆಮೇಲೆ ತೀರ್ಮಾನಿಸೋಣ ಎನ್ನುವ ಧೈರ್ಯವನ್ನು, ಅದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದ ಇನ್ನೊಬ್ಬ ಗೆಳೆಯ ಮಾತ್ರ ಕೊಡಬಲ್ಲ. ಯೋಜನೆ ಈ ಗಂಟನ್ನು ಪೂರ್ತಿ ಬಿಡಿಸಲಿಲ್ಲ, ಆದರೆ ಅದು ಎಲ್ಲಿದೆ ಎಂದು ತೋರಿಸಿತು.

ಮಿತಿಗಳೂ ಇವೆ. ಪ್ರಯೋಗ ನಡೆದದ್ದು ಒಂದು ಊರಲ್ಲಿ, ಹೋಲಿಕೆಗೆ ಇದ್ದದ್ದು ಇನ್ನೊಂದೇ ಊರು. ಭಾಗವಹಿಸಿದವರಲ್ಲಿ ಬಹುಪಾಲು ಬಿಳಿಯರು. ಲೆಕ್ಕವೆಲ್ಲ ಹುಡುಗರು ತಾವೇ ಹೇಳಿದ್ದು. ಪಿಕ್ನಿಕ್ಕಿಗೆ ಬರುವವನು ತಾನು ಯಾರೆಂಬುದನ್ನು ಆಗಲೇ ಅರ್ಧ ಹೊರಗೆ ಹೇಳಿಕೊಂಡವನು. ಮನೆಯಲ್ಲಿ ಮುಚ್ಚಿಟ್ಟುಕೊಂಡು ಬದುಕುವವನು ಅಲ್ಲಿಗೂ ಬರಲಾರ. ಗೆಳೆಯರ ಮೂಲಕ ಕೆಲಸ ಎಂದ ಮಾತ್ರಕ್ಕೆ ಎಲ್ಲೆಡೆ ಫಲ ಸಿಗುವುದೂ ಇಲ್ಲ. ಮಿಸಿಸಿಪ್ಪಿಯ ಬಿಲಾಕ್ಸಿಯಲ್ಲಿ ಬಾರ್‌ನವರು ಗುರುತಿಸಿದ ಜನಪ್ರಿಯ ವ್ಯಕ್ತಿಗಳನ್ನು ತರಬೇತಿಗೊಳಿಸಿ ಸಂಶೋಧಕ ಜೆಫ್ರಿ ಕೆಲ್ಲಿ ಅವರು ಯಶಸ್ಸು ಕಂಡರು. ಲಂಡನ್ನಿನ ಜಿಮ್‌ಗಳಲ್ಲಿ ಅದನ್ನೇ ಮಾಡಿದಾಗ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಐದು ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ನಮ್ಮ ಚೆನ್ನೈನ ವೈನ್‌ಶಾಪ್‌ಗಳೂ ಇದ್ದವು. ಚೆನ್ನೈನದ್ದು ಸಲಿಂಗಕಾಮಿಗಳ ನಡುವಿನ ಕೆಲಸವಲ್ಲದಿದ್ದರೂ ವಿಧಾನ ಅದೇ. ಆ ಪ್ರಯೋಗದಲ್ಲೂ ಈ ಕೆಲಸ ನಡೆದ ಮತ್ತು ನಡೆಯದ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ನನ್ನ ಓದಿನಲ್ಲಿ ಇದರ ಅರ್ಥ ಒಂದೇ. ಗೆಳೆತನ ಮೊದಲೇ ಇದ್ದ ಕಡೆ ಅಥವಾ ಅದನ್ನು ಕಟ್ಟಿದ ಕಡೆ ಮಾತು ನಾಟುತ್ತದೆ. ಗೆಳೆತನವಿಲ್ಲದ ಕಡೆ ಗೆಳೆಯನೆಂಬ ಬ್ಯಾಡ್ಜ್ ಕೊಟ್ಟರೆ ಏನೂ ಆಗುವುದಿಲ್ಲ.

ಭಾರತದಲ್ಲಿ ಈ ಕೆಲಸಕ್ಕೆ ಜೈಲಿನ ಭಯವೂ ಸೇರಿತ್ತು. 2001ರ ಜುಲೈನಲ್ಲಿ ಲಖನೌನಲ್ಲಿ ಭರೋಸಾ ಟ್ರಸ್ಟ್ ಮತ್ತು ನಾಜ್ ಫೌಂಡೇಶನ್ ಇಂಟರ್‌ನ್ಯಾಷನಲ್‌ನ ಕಾರ್ಯಕರ್ತರನ್ನು ಪೊಲೀಸರು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನಡಿ ಬಂಧಿಸಿದರು. ಅವರು ಮಾಡುತ್ತಿದ್ದದ್ದು ಏಡ್ಸ್ ತಡೆಯುವ ಕೆಲಸ. 47 ದಿನ ಜೈಲಿನಲ್ಲಿದ್ದರು. ಅದೇ ವರ್ಷದ ಕೊನೆಗೆ ದೆಹಲಿಯ ನಾಜ್ ಫೌಂಡೇಶನ್ ಹೈಕೋರ್ಟಿಗೆ ಹೋದಾಗ ಮುಂದಿಟ್ಟ ಮುಖ್ಯ ವಾದಗಳಲ್ಲಿ ಒಂದು, ಈ ಕಾನೂನು ಎಚ್‌ಐವಿ ತಡೆಗೆ ಅಡ್ಡಿ ಎಂಬುದು. 2009ರ ಗೆಲುವು, 2013ರ ಸೋಲು, ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸಿದ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು ಎಲ್ಲವೂ ಆಮೇಲಿನ ಕಥೆ. ಕಬ್ಬನ್ ಪಾರ್ಕ್, ಮೆಜೆಸ್ಟಿಕ್ ಸುತ್ತಮುತ್ತ ಪೊಲೀಸರ ಬೈಗುಳ, ಹೊಡೆತ ತಿಂದುಕೊಂಡೇ ಈ ಕೆಲಸ ಮಾಡಿದ, ತಮ್ಮನ್ನು ‘ಕೋಥಿ’ ಎಂದು ಕರೆದುಕೊಳ್ಳುವ ಹೆಣ್ಣಿನ ನಡೆನುಡಿಯ ಗಂಡಸರ ಸಮುದಾಯದ ಋಣ ಬೆಂಗಳೂರಿನ ಮೇಲಿದೆ. ಅದನ್ನು ನಾವು ಇನ್ನೂ ಸರಿಯಾಗಿ ನೆನೆದಿಲ್ಲ.

ಒಳ್ಳೆಯ ಪೀರ್ ಎಜುಕೇಟರ್, ಅಂದರೆ ಅದೇ ಸಮುದಾಯದಿಂದ ಬಂದು ತಿಳಿಹೇಳುವ ಕಾರ್ಯಕರ್ತ, ಏನು ಮಾಡಬಲ್ಲ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ ಸಾಕು. ನಮ್ಮ ಮನೆಗಳಲ್ಲಿ ಸುಲಭಕ್ಕೆ ಕೈಗೆ ಸಿಗುವುದು ತೆಂಗಿನೆಣ್ಣೆ. ಅದು ಲೇಟೆಕ್ಸ್ ಕಾಂಡೋಮನ್ನು ದುರ್ಬಲಗೊಳಿಸುತ್ತದೆ. ವ್ಯಾಸಲೀನ್ ಕೂಡ ಅಷ್ಟೇ. ನೀರು ಅಥವಾ ಸಿಲಿಕೋನ್ ಆಧಾರಿತ ಜೆಲ್ಲೇ ಬೇಕು. ಕಾಂಡೋಮ್ ಬಳಸಿಯೂ ಹರಿದುಹೋಯಿತು ಎಂದು ಹೆದರಿ ಬಂದವನಿಗೆ ‘ಏನು ಹಚ್ಚಿದ್ದೆ?’ ಎಂದು ಮುಜುಗರವಿಲ್ಲದೆ ಕೇಳಬಲ್ಲವನು ಅವನದೇ ಬದುಕು ಬದುಕಿದವನು. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತು ಆ ಮಾತು ಆಡಲಾಗದು.

ಇಂಥವನ ಮೇಲೆ ನಾವು ಹೊರಿಸಿರುವುದೇನು? ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನಾಕೊ) ‘ಟಾರ್ಗೆಟೆಡ್ ಇಂಟರ್‌ವೆನ್ಷನ್’ (ಟಿಐ) ಯೋಜನೆಯ ಲೆಕ್ಕದಲ್ಲಿ ಅರವತ್ತು ಮಂದಿಗೆ ಒಬ್ಬ ಪೀರ್. ಅಷ್ಟೂ ಮಂದಿಯನ್ನು ಭೇಟಿಯಾಗಬೇಕು, ಕಾಂಡೋಮ್ ಕೊಡಬೇಕು, ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರಕ್ಕೆ (ಐಸಿಟಿಸಿ) ಕರೆದೊಯ್ಯಬೇಕು, ಎಲ್ಲವನ್ನೂ ಫಾರ್ಮಿನಲ್ಲಿ ತುಂಬಬೇಕು, ಅದೂ ಗೌರವಧನದ ಮೇಲೆ. ಈ ವ್ಯವಸ್ಥೆಯಿಂದ ಪ್ರಾಣಗಳು ಉಳಿದಿವೆ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಕಾಂಡೋಮ್ ಎಷ್ಟು ಹೋಯಿತು ಎಂಬುದು ರಿಜಿಸ್ಟರಿನಲ್ಲಿ ಬರುತ್ತದೆ, ಒಬ್ಬ ಹುಡುಗ ಅತ್ತು ಹಗುರಾದದ್ದು ಬರುವುದಿಲ್ಲ. ಲೆಕ್ಕಕ್ಕೆ ಬಾರದ ಕೆಲಸಕ್ಕೆ ಸಮಯ ಉಳಿಯುವುದಿಲ್ಲ. ಪಾರ್ಕಿಗೆ ಬರುತ್ತಿದ್ದವರು ಈಗ ಮೊಬೈಲಿನ ಆ್ಯಪ್‌ನಲ್ಲಿದ್ದಾರೆ. ಕಾಲೇಜು ಹುಡುಗ, ಮದುವೆಯಾಗಿ ಹೆಂಡತಿಯೊಂದಿಗೆ ಬಾಳುತ್ತಿರುವ ದ್ವಿಲಿಂಗಕಾಮಿ ಗಂಡಸು, ಇವರಿಬ್ಬರೂ ಯೋಜನೆಯ ಡ್ರಾಪ್-ಇನ್ ಸೆಂಟರ್‌ನ ಬಾಗಿಲು ತಟ್ಟುವುದು ಅಪರೂಪ. ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ. 0.2ರ ಆಸುಪಾಸಿನಲ್ಲಿದೆ, ಗಂಡಸರೊಂದಿಗೆ ಸಂಬಂಧವಿರುವ ಗಂಡಸರಲ್ಲಿ 2021ರ ಸಮೀಕ್ಷೆಯ ಪ್ರಕಾರ ಶೇ. 3.26. ಈ ಅಂತರವನ್ನು ಕಾಂಡೋಮ್ ಹಂಚಿಕೆಯೊಂದರಿಂದಲೇ ತುಂಬಲಾಗದು.

ಯೂಜೀನ್‌ನಿಂದ ನಾವು ಕಲಿಯಬೇಕಾದದ್ದು ಪಿಕ್ನಿಕ್ಕನ್ನಲ್ಲ, ತೀರ್ಮಾನವನ್ನು ಹುಡುಗರ ಕೈಗೆ ಬಿಟ್ಟ ಧೈರ್ಯವನ್ನು. ನಮ್ಮ ಪೀರ್‌ಗಳಿಗೆ ಸರಿಯಾದ ಸಂಬಳ ಸಿಗಲಿ, ಅರವತ್ತರ ಲೆಕ್ಕ ಇಳಿಯಲಿ. ಎಚ್‌ಐವಿ ಬಾರದಂತೆ ಮುಂಚಿತವಾಗಿ ತೆಗೆದುಕೊಳ್ಳುವ ಪ್ರೆಪ್ ಮಾತ್ರೆಯ ಬಗ್ಗೆ ನಾಕೊ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆ ಮಾತ್ರೆಯ ವಿಷಯ ಗೆಳೆಯನ ಬಾಯಿಂದ, ಕನ್ನಡದಲ್ಲಿ, ಹಾಸನ ಕಲಬುರಗಿಗಳ ಹುಡುಗನಿಗೂ ತಲುಪಲಿ. ಇದನ್ನು ಓದುತ್ತಿರುವವರಲ್ಲಿ ಒಬ್ಬನೇ ಹೆದರಿ ಕೂತವನಿದ್ದರೆ ಇಷ್ಟು ತಿಳಿದಿರಲಿ: ಸರ್ಕಾರಿ ಐಸಿಟಿಸಿಗಳಲ್ಲಿ ಪರೀಕ್ಷೆ ಉಚಿತ, 2017ರ ಎಚ್‌ಐವಿ ಕಾಯ್ದೆ ನಿಮ್ಮ ಗುಟ್ಟನ್ನು ಕಾಯುತ್ತದೆ, 1097ಕ್ಕೆ ಕರೆ ಮಾಡಲು ದುಡ್ಡು ಬೇಕಿಲ್ಲ.