ಉಪ್ಪಾಗೆ ಸಿಪ್ಪೆಯೂ ಲಿವರಿನ ಲೆಕ್ಕವೂ

ಹಣ್ಣಿನ ಸಿಪ್ಪೆಯ ಸತ್ವ ಲಿವರಿಗೆ ಒಳ್ಳೆಯದು ಎನ್ನುವ ಮಾತನ್ನು ಒರೆಗೆ ಹಚ್ಚಲು ದಾಳಿಂಬೆ, ಕಿತ್ತಳೆಗಿಂತ ನಮ್ಮ ಘಟ್ಟದ ಹುಳಿಹಣ್ಣು ಉಪ್ಪಾಗೆ ಹೆಚ್ಚು ಒದಗುತ್ತದೆ. ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಕಾಡಿನಿಂದ ತಂದ ಹಣ್ಣನ್ನು ಬಿಡಿಸಿ, ಬೀಜ ತೆಗೆದು, ಸಿಪ್ಪೆ ಕಪ್ಪಾಗುವವರೆಗೆ ಬೆಂಕಿಯ ಕಾವಿನಲ್ಲಿ ಒಣಗಿಸುತ್ತಾರೆ. ಕೊಡಗಿನಲ್ಲಿ ಇದರ ರಸವೇ ಕುದಿದು ಬತ್ತಿ ಕಾಚಂಪುಳಿಯಾಗುತ್ತದೆ. ಈ ಹುಳಿಯ ಮುಖ್ಯ ಅಂಶ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ತಿಂದ ಸಕ್ಕರೆ ಲಿವರಿನಲ್ಲಿ ಕೊಬ್ಬಾಗಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು ಆಮೇಲೆ ತಿಳಿಯಿತು. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟಾದ ಲಿವರ್ ಮದ್ದು ಸಿಗಲಾರದು. ಕೊಬ್ಬಾಗುವುದು ತಪ್ಪಿದರೆ ತೂಕವೂ ಇಳಿಯಬೇಕು. ಆದರೆ 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ, ದಿನಕ್ಕೆ 1500 ಮಿಲಿಗ್ರಾಂ ಆಮ್ಲ ನುಂಗಿದವರ ತೂಕ ಹುಸಿ ಮಾತ್ರೆ ನುಂಗಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. 2022ರಲ್ಲಂತೂ ಅಲ್ಲಿನ ಸಂಶೋಧಕರು ಉಪ್ಪಾಗೆ ಸಾರವಿದ್ದ ಮಾತ್ರೆಗಳಿಗೆ ತಳುಕು ಹಾಕಿಕೊಂಡ 22 ಲಿವರ್ ಹಾನಿಯ ಪ್ರಕರಣಗಳನ್ನು ವರದಿ ಮಾಡಿದರು. ಹೆಚ್ಚಿನ ಮಾತ್ರೆಗಳಲ್ಲಿ ಗ್ರೀನ್ ಟೀ ಸಾರವೂ ಇತ್ತು, ಹಾಗಾಗಿ ದೋಷವನ್ನೆಲ್ಲ ಉಪ್ಪಾಗೆಯ ತಲೆಗೇ ಕಟ್ಟುವಂತಿಲ್ಲ.

ತಲೆಮಾರುಗಳಿಂದ ತಿಂದವರಿಗೆ ಏನಾಯಿತು ಎಂದು ಕೇಳಬಹುದು. ಸಾರಿಗೆ ಹಾಕುವ ಎರಡು ಚೂರು ಸಿಪ್ಪೆ ಬೇರೆ, ಅದರ ಆಮ್ಲವನ್ನಷ್ಟೇ ಭಟ್ಟಿಯಿಳಿಸಿದಂತೆ ಸಾಂದ್ರಗೊಳಿಸಿ ತಿಂಗಳುಗಟ್ಟಲೆ ನುಂಗುವುದು ಬೇರೆ. ಅಡುಗೆಮನೆ ಕೊಟ್ಟ ಭರವಸೆ ಮಾತ್ರೆಗೆ ಅನ್ವಯಿಸದು. ಇಂಥ ಹಾನಿ ತೀರಾ ಅಪರೂಪ ಎನ್ನುವ ವಾದ ಇದಕ್ಕಿಂತ ಗಟ್ಟಿ, ನಿಜವೂ ಹೌದು. ಹಾನಿಯಾದವರಲ್ಲಿ ಒಂದು ನಿರ್ದಿಷ್ಟ ಆನುವಂಶಿಕ ಗುರುತು ಹೆಚ್ಚಾಗಿ ಕಂಡಿದೆ, ಎಲ್ಲರಿಗೂ ಅಪಾಯ ಒಂದೇ ಅಲ್ಲ. ಆದರೆ ಮದ್ದಿನ ಅಪರೂಪದ ಅಪಾಯವನ್ನು ನಾವು ಸಹಿಸುವುದು ಅದರಿಂದ ಗುಣವಿದೆಯೆಂಬ ಕಾರಣಕ್ಕೆ. ಗುಣವೇ ಸಾಬೀತಾಗದಿದ್ದರೆ ಅಪರೂಪದ ಹಾನಿಯೂ ದುಬಾರಿ.

ಉಳಿದ ಸಿಪ್ಪೆಗಳ ಪರ ಹೇಳುವ ಪುರಾವೆ ಬಹುಪಾಲು ಇಲಿಗಳದ್ದು. ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಇಲಿಯ ಲಿವರ್ ಕೆಡಿಸಿ, ಜೊತೆಗೆ ಸಿಪ್ಪೆಯ ಸಾರ ಕೊಟ್ಟಾಗ ರಕ್ತದಲ್ಲಿ ಲಿವರ್ ಹಾನಿ ತೋರುವ ಕಿಣ್ವಗಳು ಅಷ್ಟಾಗಿ ಏರುವುದಿಲ್ಲ. ಸುಳಿವಾಗಿ ಇದು ಬೆಲೆಯುಳ್ಳದ್ದೇ. ಆದರೆ ಮನುಷ್ಯರ ಲಿವರ್ ಒಂದೇ ಏಟಿಗೆ ಕೆಡುವುದು ಕಡಿಮೆ. ಕುಡಿತ, ಬೊಜ್ಜು, ಸಕ್ಕರೆ ಕಾಯಿಲೆ ಅದನ್ನು ವರ್ಷಗಟ್ಟಲೆ ಸವೆಸುತ್ತವೆ. ದಾಳಿಂಬೆ ಸಿಪ್ಪೆಯ ಪ್ಯುನಿಕಲಾಜಿನ್ ಎಂಬ ಅಂಶ ಕೂಡ ಇದ್ದ ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಯುರೊಲಿಥಿನ್ ಮಾಡಬೇಕು, ಆ ಬ್ಯಾಕ್ಟೀರಿಯಾ ಎಲ್ಲರಲ್ಲೂ ಒಂದೇ ತೆರನಾಗಿಲ್ಲ. ಗುಣ ಖಚಿತವಿಲ್ಲದೆ ಹಾನಿಯ ಸಾಧ್ಯತೆ ಇರುವುದರಿಂದ, ಲಿವರ್ ಕಿಣ್ವ ಏರಿದ ವರದಿ ಹಿಡಿದು ಬಂದವರಿಗೆ ವೈದ್ಯರು ಕುಡಿತದ ಜೊತೆಗೆ ಪುಡಿ, ಕಷಾಯ, ಕ್ಯಾಪ್ಸೂಲುಗಳ ಬಗ್ಗೆಯೂ ಕೇಳಬೇಕು. ಔಷಧಿಯೇ ಅಲ್ಲ ಎಂದುಕೊಂಡದ್ದನ್ನು ರೋಗಿ ತಾನಾಗಿ ಹೇಳುವುದಿಲ್ಲ.