ಸೆಕೆಗೆ ಒಗ್ಗುವ ಸನ್‌ಸ್ಕ್ರೀನ್

2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಫ್ಯಾನೂ ಬೇಡ ಎನ್ನುತ್ತಿದ್ದ ಊರು! ಇಂಥ ಬೇಸಿಗೆಗಳು ಬರತೊಡಗಿದ ಮೇಲೆ ಕೋಲ್ಡ್ ಕ್ರೀಮಿನ ಡಬ್ಬಿ ಕಪಾಟಿನ ಹಿಂದಕ್ಕೆ ಸರಿಯುತ್ತದೆ, ಒಂದರ ಮೇಲೊಂದು ಸೀರಮ್ ಬಳಿಯುವ ಉಮೇದೂ ಇಳಿಯುತ್ತದೆ. ಒಳ್ಳೆಯದೇ ಆಯಿತು. ಆದರೆ ಅದೇ ಭರದಲ್ಲಿ ಸನ್‌ಸ್ಕ್ರೀನನ್ನೂ ಕೈಬಿಡುವವರಿದ್ದಾರೆ. ತಕರಾರು ಇರುವುದು ಅಲ್ಲಿ.

ಸೆಕೆಗೂ ಚರ್ಮ ಸುಡುವ ಅತಿನೇರಳೆ ಕಿರಣಕ್ಕೂ ನೇರ ಸಂಬಂಧವಿಲ್ಲ. ಕಿರಣದ ತೀವ್ರತೆಯನ್ನು ನಿರ್ಧರಿಸುವುದು ಸೂರ್ಯ ಎಷ್ಟು ನೆತ್ತಿಗೆ ಬಂದಿದ್ದಾನೆ, ಮೋಡವೆಷ್ಟು, ಊರೆಷ್ಟು ಎತ್ತರದಲ್ಲಿದೆ ಎಂಬುದು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ತಂಗಾಳಿ ಬೀಸುತ್ತಿದ್ದ ಕಾಲದಲ್ಲೂ ಇಲ್ಲಿನ ಮಾರ್ಚ್ ತಿಂಗಳ ನಡುಹಗಲು ಚರ್ಮಕ್ಕೆ ಸೌಮ್ಯವಾಗಿರಲಿಲ್ಲ. ಈಗ ಅದಕ್ಕೆ ಬೆವರು ಸೇರಿದೆ. ಬೆವರಿದಾಗ ಜಿಡ್ಡು ಸಹಿಸಲಾಗದೆ ಕಡಲೆಕಾಳಿನಷ್ಟು ಸವರಿ ಕೈತೊಳೆದುಕೊಳ್ಳುತ್ತೇವೆ. ಎಸ್‌ಪಿಎಫ್ 30 ಎಂಬ ಅಂಕಿ ಸಿಕ್ಕಿರುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದಾಗ. ತೆಳುವಾಗಿ ಹಚ್ಚಿದರೆ ಟ್ಯೂಬಿನ ಮೇಲಿನ ಅಂಕಿ ಟ್ಯೂಬಿನ ಮೇಲೇ ಉಳಿಯುತ್ತದೆ.

ಹಾಗಾಗಿ ಎಸ್‌ಪಿಎಫ್ 30 ಇದ್ದರೆ ಸಾಕು, ಅಲ್ಲಿಂದ ಮುಂದೆ ನಾನು ನೋಡುವುದು ಹದವನ್ನು. ಅಂಗಡಿಯಲ್ಲಿ ಮುಂಗೈಗೆ ಚೂರು ಸವರಿ ನೋಡಿದರೆ ಏನೂ ತಿಳಿಯದು. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿ, ಮುಖಕ್ಕೂ ಕತ್ತಿಗೂ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಎರಡು ಮಹಡಿ ಹತ್ತಿ. ಹಣೆಯಿಂದ ಇಳಿದು ಕಣ್ಣು ಉರಿಸಿತೇ? ಮೂಗಿನ ಪಕ್ಕ ಉಂಡೆಗಟ್ಟಿತೇ? ಜಿಂಕ್ ಆಕ್ಸೈಡ್ ಹೆಚ್ಚಿರುವ ಕ್ರೀಮು ನಮ್ಮ ಗೋಧಿಬಣ್ಣದ ಮೇಲೆ ವಿಭೂತಿ ಬಳಿದಂತೆ ಕೂರುವುದೂ ಉಂಟು. ಇವುಗಳಲ್ಲಿ ಒಂದು ಕಂಡರೂ ಅದು ನಿಮ್ಮದಲ್ಲ. ಸೆಕೆಗೆ ಜೆಲ್ ಅಥವಾ ನೀರಿನಂಥ ಲೋಷನ್ ವಾಸಿ. ಬಂಗು ಇರುವವರು ಮಾತ್ರ ಐರನ್ ಆಕ್ಸೈಡ್ ಬೆರೆತ, ಮೈಬಣ್ಣದ ಛಾಯೆಯ ಸನ್‌ಸ್ಕ್ರೀನ್ ಹುಡುಕಲಿ; ಬಂಗನ್ನು ಗಾಢವಾಗಿಸುವ ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ.

ಟ್ಯೂಬನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಬಿಸಿಗೆ ಕ್ರೀಮು ಒಡೆದು, ಎಣ್ಣೆ ಬೇರೆ ನೀರು ಬೇರೆಯಾಗಬಹುದು.

ಕೊನೆಗೊಂದು ಲೆಕ್ಕ. ಆ ಎರಡು ಗೆರೆ ಹೆಚ್ಚುಕಡಿಮೆ ಒಂದು ಗ್ರಾಂ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಯುಗಾದಿಗೆ ಕೊಂಡ 50 ಗ್ರಾಂ ಟ್ಯೂಬು ಮುಂಗಾರಿನವರೆಗೂ ಬಾಳಿಕೆ ಬಂತೆಂದು ಬೀಗುವವರು, ದಿನಕ್ಕೊಮ್ಮೆಯೂ ಸರಿಯಾಗಿ ಹಚ್ಚಿಕೊಂಡಿಲ್ಲ.